ಹನ್ನೊಂದು ಜೋಡಿ ಮಣ್ಣೆತ್ತು

ಮಣ್ಣೆತ್ತಿನ ಅಮಾವಾಸ್ಯೆಯ ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ, ನಾವು ಏಳು ಜನ ವಿದ್ಯಾರ್ಥಿಗಳು ಕ್ಯಾಂಟೀನಿಗೆ ಹೋಗಿದ್ದಾಗ, ವಿಭಾಗದ ಕಸ ಗುಡಿಸುವ ಹೊಳೆವ್ವ ನಮ್ಮ ಪ್ರದರ್ಶನದ ಮಣ್ಣಿನ ಎತ್ತುಗಳಿಗೆ ಆರತಿ ಬೆಳಗಿದಳು. ಅದೇ ಶುಕ್ರವಾರ ಹನ್ನೊಂದು ಗಂಟೆಗೆ ವಿಶ್ವವಿದ್ಯಾಲಯದ ಸಮಿತಿ ಬರುವುದಿತ್ತು. ದಾಕ್ಷಾಯಿಣಿ ಮೇಡಂ ಕಲಿಸುವ ಕೋರ್ಸು ಮುಂದಿನ ವರ್ಷ ಇರಬೇಕೋ ಬೇಡವೋ ಎಂದು ಆ ಸಮಿತಿ ತೀರ್ಮಾನಿಸುವುದಿತ್ತು. ಆರತಿಗೂ ಸಮಿತಿಗೂ ಏನಾದರೂ ಸಂಬಂಧ ಇದೆ ಎಂದು ಆವತ್ತು ನಮಗೆ ಅನಿಸಲೇ ಇಲ್ಲ. ಊಟ ಮುಗಿಸಿ ಬಂದು, ಹೊಳೆವ್ವ ಎಡೆ ಹಿಡಿದಿದ್ದ ಹೋಳಿಗೆಯನ್ನು ಹಂಚಿಕೊಂಡು ತಿಂದೆವು. ಚೆನ್ನಾಗಿತ್ತು.

ಮೊದಲು ಮೇಡಂ ಯಾರು ಎಂದು ಹೇಳಿಬಿಡುತ್ತೇನೆ.

ದಾಕ್ಷಾಯಿಣಿ ಮೇಡಂಗೆ ಈಗ ನಲವತ್ಮೂರು. ಹುಟ್ಟಿ ಬೆಳೆದದ್ದು ಹುಬ್ಬಳ್ಳಿ. ತಂದೆ ಶಾಂತಯ್ಯನವರು ಹತ್ತಿಯ ದಲ್ಲಾಳಿ. ಹತ್ತಿಯ ಮಾದರಿಯನ್ನು ಗಿರಾಕಿಗೆ ತೋರಿಸುವಾಗ ನೀಲಿ ಕಾಗದದ ಮೇಲೆ ಹರಡುತ್ತಾರಂತೆ, ಬಿಳಿ ಎಷ್ಟು ಬಿಳಿ ಎಂದು ನೀಲಿಯ ಮೇಲೆಯೇ ಗೊತ್ತಾಗುವುದಂತೆ. ಮೇಡಂ ಚಿಕ್ಕವರಿದ್ದಾಗ ಆ ಕಾಗದಗಳನ್ನು ಕತ್ತರಿಸಿ ಕೊಡುವ ಕೆಲಸ ಅವರದಾಗಿತ್ತು. ಮುಂದೆ ಧಾರವಾಡದಲ್ಲಿ ಚಿತ್ರಕಲೆ ಓದಿದರು. ಆ ಬಗ್ಗೆ ಅವರಿಗೆ ಯಾವ ಭ್ರಮೆಯೂ ಇರಲಿಲ್ಲ. ಮೊದಲ ಕ್ಲಾಸಿನಲ್ಲೇ ಹೇಳಿದರು:

“ನನ್ನ ಚಿತ್ರಾ ಭಾಳ ಸುಮಾರ ಇದ್ವು. ಆದ್ರ ಬ್ಯಾರೇದವ್ರ ಚಿತ್ರಾ ಎಲ್ಲಿ ತೂಗಹಾಕಬೇಕು ಅನ್ನೂದು ನನಗ ನೋಡಿದ ಕೂಡ್ಲೆ ಗೊತ್ತಾಗ್ತಿತ್ತು. ಅದ ಒಂದ ಉದ್ಯೋಗ ಅಂತ ನನಗ ಯಾರೂ ಹೇಳಿರಲಿಲ್ಲ.”

ವಡೋದರಾದ ಒಂದು ವಸ್ತುಸಂಗ್ರಹಾಲಯದಲ್ಲಿ ಆರು ವರ್ಷ ಇದ್ದರು. ಹೆಚ್ಚಾಗಿ ವಸ್ತುಗಳ ಪಕ್ಕ ಇಡುವ ಚೀಟಿ ಬರೆದರು, ಪೆಟ್ಟಿಗೆ ಕಟ್ಟಿದರು, ಪೆಟ್ಟಿಗೆ ಬಿಚ್ಚಿದರು. ಮದುವೆಯಾಗಿ ಊರಿಗೆ ಮರಳಿದರು. ಗಂಡ ಶಿವಯೋಗೀಶ ಗೋಕುಲ ರಸ್ತೆಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾರುತ್ತಾರೆ. ಮನೆ ಉಣಕಲ್ಲಿನಲ್ಲಿ. ಅಲ್ಲಿಂದ ಒಂಬತ್ತು ವರ್ಷಗಳಿಂದ ಧಾರವಾಡಕ್ಕೆ ಬಂದು ಹೋಗಿ ಅತಿಥಿ ಉಪನ್ಯಾಸಕಿಯಾಗಿ ಕಲಾ ಇತಿಹಾಸ ಕಲಿಸುತ್ತಿದ್ದರು. ಎರಡು ವರ್ಷದ ಹಿಂದೆ ತಾವೇ ಪಠ್ಯಕ್ರಮ ಬರೆದು, ತಾವೇ ಕಚೇರಿಯಿಂದ ಕಚೇರಿಗೆ ಹೊತ್ತು, ಈ ಹೊಸ ಕೋರ್ಸು ತಂದರು. ಹೆಸರು ‘ಪ್ರದರ್ಶನ ಸಂಯೋಜನೆ’. ಕಲಾಕೃತಿಗಳನ್ನು ಆರಿಸುವುದು, ತರುವುದು, ಜೋಡಿಸುವುದು, ಜನರಿಗೆ ತೋರಿಸುವುದು, ವಾಪಸು ಮುಟ್ಟಿಸುವುದು. ನಾವು ಸೇರಿದ್ದು ಒಟ್ಟು ಅಂಕಕ್ಕೆ ಒಂದು ಕೋರ್ಸು ಕಡಿಮೆ ಬೀಳುತ್ತಿತ್ತು ಎಂಬ ಕಾರಣಕ್ಕೆ. ಉಳಿದ ಕೋರ್ಸುಗಳು ತುಂಬಿಹೋಗಿದ್ದವು.

ಅವರ ಚೀಲದಲ್ಲಿ ಪುಸ್ತಕ ಇರುತ್ತಿರಲಿಲ್ಲ. ಅಳತೆ ಟೇಪು, ಗೌಂಡಿಗಳು ಇಟ್ಟುಕೊಳ್ಳುವ ಮಟ್ಟಗೋಲು, ಸೀಮೆಸುಣ್ಣ, ದಾರದ ಉಂಡೆ. ಮೊದಲ ವಾರದ ಮನೆಗೆಲಸ: ನಿಮ್ಮ ನಿಮ್ಮ ಮನೆಯ ಹಾಲಿನ ಶೋಕೇಸ್ ನೋಡಿ, ಯಾವ ಸಾಮಾನು ಯಾವ ಅಂತಸ್ತಿನಲ್ಲಿದೆ, ಯಾಕೆ ಅಲ್ಲೇ ಇದೆ, ಬರೆದು ತನ್ನಿ.

ಹುಬ್ಬಳ್ಳಿಯ ಅರಫಾತ ಕೈ ಎತ್ತಿದ. ಅವನ ತಂದೆ ಗೌಸಮೊದ್ದೀನ ಸಾಹೇಬರಿಗೆ ಫೋಟೋಗೆ ಕಟ್ಟು ಹಾಕುವ ಅಂಗಡಿ ಇದೆ.

“ಮೇಡಂ, ನಮ್ಮ ಶೋಕೇಸಿನ ಕೀಲಿ ಅಬ್ಬಾನ ಹತ್ರ ಐತ್ರಿ. ಹತ್ತ ವರ್ಷ ಆತು, ಯಾರಿಗೂ ಕೊಟ್ಟಿಲ್ರಿ. ಒಳಗ ಒಂದ ಟೀ ಸೆಟ್ ಐತಿ, ಅದರಾಗ ಯಾರೂ ಚಾ ಕುಡದಿಲ್ಲ.”

“ಅದ ಮ್ಯೂಸಿಯಂ ನೋಡಪಾ. ಬರಕೋ.”

ಅರಫಾತ ನಾಲ್ಕು ಪುಟ ಬರೆದ. ತಂದೆಗೆ ಓದಿ ತೋರಿಸಿದನಂತೆ. ಅವರು ಎಲ್ಲ ಕೇಳಿ, “ಕೀಲಿ ಮಾತ್ರ ಕೊಡೂದಿಲ್ಲ,” ಎಂದರಂತೆ.

ಹೀಗೆಯೇ ನಡೆಯುತ್ತಿತ್ತು. ಒಂದು ದಿನ ನಮ್ಮನ್ನು ಜವಳಿ ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ, ಒಳಗೆ ಬಂದ ಜನ ಎಡಕ್ಕೆ ತಿರುಗುತ್ತಾರೋ ಬಲಕ್ಕೋ ಎಂದು ಎಣಿಕೆ ಮಾಡಿಸಿದರು. ಅಂಗಡಿಯವನು ನಮ್ಮನ್ನು ತೆರಿಗೆ ಇಲಾಖೆಯವರು ಎಂದುಕೊಂಡು ಎಲ್ಲರಿಗೂ ಚಹಾ ತರಿಸಿದ. ಇನ್ನೊಂದು ದಿನ ಮೂರು ತಾಸು ಬರೀ ಮೊಳೆ ಹೊಡೆಸಿದರು. ಯಾರು ಎಷ್ಟೇ ಚೆನ್ನಾಗಿ ಮಾಡಿದರೂ “ಆತು, ಮುಂದಿಂದು,” ಎನ್ನುವುದು ಅವರ ರೂಢಿ. ಅದಕ್ಕಿಂತ ದೊಡ್ಡ ಹೊಗಳಿಕೆ ನಾನಂತೂ ಕೇಳಲಿಲ್ಲ.

ಫೆಬ್ರವರಿಯಲ್ಲಿ ವಿಭಾಗದ ಮುಖ್ಯಸ್ಥರಾದ ಗುರುಶಿದ್ದಪ್ಪ ಸರ್ ಮೇಡಂ ಅವರನ್ನು ಕರೆದರು. ಕೆಟ್ಟ ಮನುಷ್ಯರಲ್ಲ. ಕಾಗದ ಬಂದರೆ ಕಾಗದಕ್ಕೆ ಉತ್ತರ ಕೊಡಬೇಕು ಎಂಬುದಷ್ಟೇ ಅವರ ಚಿಂತೆ.

“ನೋಡ್ರಿ ಬಾಯಾರ, ಏಳ ಮಂದಿ ಹುಡುಗ್ರು. ಇಷ್ಟಕ್ಕ ಒಂದ ಕೋರ್ಸ್ ಯಾಕಂತ ಮ್ಯಾಲಿನವ್ರು ಕೇಳಾಕತ್ತಾರ. ಸಮಿತಿ ಬರತೈತಿ. ಅವ್ರ ಫಾರ್ಮಿನ್ಯಾಗ ಒಂದ ಕಾಲಂ ಐತಿ, ‘ಕೋರ್ಸಿನಿಂದ ವಿಭಾಗಕ್ಕೆ ದೊರೆತ ಶಾಶ್ವತ ಸಂಗ್ರಹ’. ಅದರಾಗ ಏನರೆ ಬರೀಬೇಕು. ಬರದ್ವಿ ಅಂದ್ರ ಉಳೀತೈತಿ. ಖಾಲಿ ಬಿಟ್ವಿ ಅಂದ್ರ ಹೋತು.”

ಮೇಡಂ ಇದನ್ನು ಕ್ಲಾಸಿಗೆ ಬಂದು ಹಾಗೆಯೇ ಹೇಳಿದರು. ಮುಚ್ಚಿಡಲಿಲ್ಲ. ಕೊನೆಯ ಪ್ರದರ್ಶನದ ವಸ್ತುಗಳು ವಿಭಾಗದಲ್ಲಿ ಉಳಿಯುವಂಥವು ಆಗಿರಬೇಕು, ಏನು ತರೋಣ ಎಂದು ಕೇಳಿದರು.

ಮಣ್ಣೆತ್ತು ಎಂದದ್ದು ಸಾನ್ವಿ. ಅವಳ ತಾಯಿಯ ತವರು ಉಪ್ಪಿನಬೆಟಗೇರಿ. ಅಲ್ಲಿ ಕುಂಬಾರರ ಮಾಳವ್ವ ಇದ್ದಾಳೆ, ವಯಸ್ಸು ಅರವತ್ತರ ಮೇಲೆ, ಅವಳ ಅತ್ತೆ ಮಾಡುತ್ತಿದ್ದ ನಮೂನೆಯ ಎತ್ತು ಈಗ ಅವಳೊಬ್ಬಳಿಗೇ ಬರುತ್ತದೆ ಎಂದಳು. ನಾವು ಬಸ್ಸಿನಲ್ಲಿ ಹೋದೆವು.

ಮಾಳವ್ವ ಆವತ್ತು ಒಂದು ಎತ್ತು ಮಾಡಿ ತೋರಿಸಿದಳು. ಇಣಿ, ಅಂದರೆ ಎತ್ತಿನ ಬೆನ್ನ ಮೇಲಿನ ಡುಬ್ಬ, ಹೆಬ್ಬೆರಳಿನ ಅಳತೆ. ಕೋಡು ಹೊರಗೆ ಬಾಗಿ ಮತ್ತೆ ಒಳಗೆ ತಿರುಗಬೇಕು. ಕೊರಳಿನ ಗೆಜ್ಜೆಸರವನ್ನು ಉಗುರಿನಿಂದಲೇ ಒತ್ತುತ್ತಾಳೆ, ಒಂದೊಂದು ಎತ್ತಿಗೆ ಇಪ್ಪತ್ತೊಂದು ಗೆಜ್ಜೆ. ಕಣ್ಣಿಗೆ ಜೋಳದ ಕಾಳು. ಬಣ್ಣ ಇಲ್ಲ, ಸುಡುವುದೂ ಇಲ್ಲ, ಹಸಿ ಮಣ್ಣು ನೆರಳಲ್ಲಿ ಒಣಗಬೇಕು. ಎರಡು ಎತ್ತಿಗೆ ಒಂದು ದಿನ ಹಿಡಿಯುತ್ತದೆ.

“ಇವನ್ನ ಯಾರ ತಗೋತಾರವಾ ಈಗ? ಸಂತಿಗೆ ಬಣ್ಣದ್ದು ಬರತಾವ, ಅಚ್ಚಿನ್ಯಾಗ ಹೊಯ್ದಿದ್ದು. ಪುಸುಕ್ಕನ ಹತ್ತ ಮಾಡಿ ಒಗೀತಾರ. ಅವು ನೀರಾಗ ಕರಗೂದೂ ಇಲ್ಲ. ನಾನೂ ಮಂದಿಗೆ ಸಣ್ಣ ಎತ್ತ ಮಾಡಿಕೊಡ್ತೇನಿ. ಇದು ನಮ್ಮತ್ತಿ ಎತ್ತು. ಸುಮ್ನ ಕೈ ಮರೀಬಾರ್ದಂತ ವರ್ಷಕ್ಕೊಂದ ಜೋಡಿ ಮಾಡ್ತೇನಿ.”

ಮೇಡಂ ತಮ್ಮ ಉದ್ದೇಶ ಹೇಳಿದರು. ಹನ್ನೊಂದು ಜೋಡಿ ಬೇಕು, ಪ್ರದರ್ಶನ ಆದ ಮೇಲೆ ವಿಭಾಗದಲ್ಲಿ ಗಾಜಿನ ಕಪಾಟಿನೊಳಗೆ ಮಾಳವ್ವನ ಹೆಸರು ಹಾಕಿ ಇಡುತ್ತೇವೆ, ಯಾವಾಗಲೂ ಅಲ್ಲೇ ಇರುತ್ತವೆ.

“ಇರ್ಲೆಳ್ರಿ. ಎತ್ತಿಗೂ ಸಾಲಿ ಕಲಿಸಿಧಂಗ ಆತು,” ಎಂದಳು ಮಾಳವ್ವ.

ಕೆರೆ ಬತ್ತಿದಾಗಲೇ ತಳದ ಮಣ್ಣು ತೆಗೆಯಬೇಕು. ಏಪ್ರಿಲ್‌ನಲ್ಲಿ ತೆಗೆದಳು, ಮೇ ಕೊನೆಗೆ ಹನ್ನೊಂದು ಜೋಡಿ ಒಣಗಿ ನಿಂತಿದ್ದವು. ಶಿವಯೋಗೀಶ ತಮ್ಮ ಅಂಗಡಿಯ ಟೆಂಪೋ ಕೊಟ್ಟರು, ಪಂಪು ಬರುವ ಕಟ್ಟಿಗೆ ಪೆಟ್ಟಿಗೆಗಳನ್ನು ಕೊಟ್ಟರು. ಪ್ರತಿ ಎತ್ತನ್ನೂ ಹುಲ್ಲಿನಲ್ಲಿ ಸುತ್ತಿ, ಪೆಟ್ಟಿಗೆಗೆ ಸಂಖ್ಯೆ ಬರೆದು, ಹೊರಡುವ ಮುಂಚೆ ಎಲ್ಲೆಲ್ಲಿ ಬಿರುಕಿದೆ ಎಂದು ಗುರುತು ಹಾಕಿಕೊಂಡು ತಂದೆವು. ಇಪ್ಪತ್ತೆರಡು ಎತ್ತುಗಳಲ್ಲಿ ಒಂದರ ಕಿವಿಯೂ ಮುರಿಯಲಿಲ್ಲ. ಶಿವಯೋಗೀಶ ಮಾತ್ರ ಗೊಣಗಿದರು: “ಖರೇ ಎತ್ತ ಒಯ್ದಿದ್ರೂ ಇಷ್ಟ ತ್ರಾಸ ಆಗತಿರಲಿಲ್ಲ. ಅವು ನಡಕೋತ ಬರತಿದ್ವು.”

ಜೋಡಿಸುವಾಗ ಜಗಳ ಆಯಿತು. ಸಾನ್ವಿ ಹಗ್ಗ ಕಟ್ಟೋಣ, ‘ಮುಟ್ಟಬೇಡಿ’ ಎಂದು ಬರೆಯೋಣ ಎಂದಳು. ಮೇಡಂ ಒಪ್ಪಲಿಲ್ಲ.

“ಇವು ಎದಿ ಮಟ್ಟದಾಗ ಕಂಬದ ಮ್ಯಾಲ ನಿಂತ್ರ ಗೊಂಬಿ ಕಂಡಂಗ ಕಾಣ್ತಾವ. ಮನ್ಯಾಗ ಹ್ಯಾಂಗ ಇಡ್ತಾರೋ ಹಂಗ ಇಡೂಣು. ನೋಡಾವ್ರು ಬಗ್ಗಿ ನೋಡ್ಲಿ.”

ಹಾಗಾಗಿ ಗೇಣೆತ್ತರದ ಹಲಗೆಗಳು ಬಂದವು. ಬಾಗಿಲು ಪಶ್ಚಿಮಕ್ಕಿದ್ದರೂ ಎತ್ತುಗಳು ಪೂರ್ವಕ್ಕೆ ಮುಖ ಮಾಡಿದವು. ಬೆಳಕು ಹಳದಿ, ಕೆಳಗಿನಿಂದ. ಪ್ರತಿ ಜೋಡಿಯ ಮುಂದೆ ಮಾಳವ್ವನೇ ಮಾಡಿಕೊಟ್ಟ ಗ್ವಾದಲಿ, ಅಂದರೆ ಮೇವಿನ ತೊಟ್ಟಿ, ಅಂಗೈಯಷ್ಟು ದೊಡ್ಡದು. ಮಂಗಳವಾರ ಸಂಜೆ ಎಲ್ಲ ಮುಗಿದು ಬಾಗಿಲಲ್ಲಿ ನಿಂತು ನೋಡಿದಾಗ ಮೇಡಂಗೆ ಏನೋ ಕಡಿಮೆ ಎನಿಸಿತು. ಎಡಕ್ಕೆ ಬಂದರು, ಬಲಕ್ಕೆ ಹೋದರು, ಕುಳಿತು ನೋಡಿದರು.

“ಗ್ವಾದಲಿ ಖಾಲಿ ಅದಾವ,” ಎಂದರು. “ಉಪಾಸ ನಿಂತಂಗ ಕಾಣ್ತಾವ.”

ಎತ್ತಿನ ಕಣ್ಣಿನ ಕಾಳು ಉದುರಿದರೆ ಇರಲಿ ಎಂದು ತಂದಿದ್ದ ಡಬ್ಬಿಯನ್ನು ಚೀಲದಿಂದ ತೆಗೆದು ಪ್ರತಿ ಗ್ವಾದಲಿಗೂ ಒಂದು ಹಿಡಿ ಬಿಳಿ ಜೋಳ ಹಾಕಿದರು. ಆ ಕ್ಷಣ ಕೋಣೆಯೇ ಬದಲಾಯಿತು. ಇದು ಉತ್ಪ್ರೇಕ್ಷೆಯಲ್ಲ. ಅರಫಾತ ಮೊಬೈಲು ತೆಗೆದವನು ಫೋಟೋ ಹೊಡೆಯದೆ ಮತ್ತೆ ಕಿಸೆಗಿಟ್ಟ. ಮೇಡಂ ಎಂದಿನಂತೆ “ಆತು,” ಎಂದರು.

ಮರುದಿನ ಅಮಾವಾಸ್ಯೆ. ಜನ ಬರಲಿ ಎಂದು ಅದೇ ದಿನ ಪ್ರಾರಂಭ ಇಟ್ಟಿದ್ದೆವು. ಅದಕ್ಕೇ ಹೇಳಿದ್ದು, ಹನ್ನೆರಡೂವರೆಗೆ ಹೊಳೆವ್ವ ಆರತಿ ತಟ್ಟೆ ತಂದಳು ಎಂದು. ಅವಳನ್ನು ನೋಡಿ ಕ್ಯಾಂಟೀನಿನ ಹೆಂಗಸರು ಬಂದರು. ಕಚೇರಿಯ ಇಬ್ಬರು ಗುಮಾಸ್ತರು ವಿಭೂತಿ ಹಚ್ಚಿದರು. ಪಕ್ಕದ ವಸತಿಗೃಹಗಳಿಂದ ತಾಯಂದಿರು ಮಕ್ಕಳನ್ನು ಕರೆದುಕೊಂಡು ಬಂದರು. ಮೂರು ಗಂಟೆಯ ಹೊತ್ತಿಗೆ ಇಪ್ಪತ್ತೆರಡು ಹಣೆಗೂ ಕುಂಕುಮ, ಕೋಡಿಗೆ ಹೂವು. ನಾವು ಕುಣಿದಾಡಿದೆವು. ವಿಡಿಯೋ ಮಾಡಿ ಎಲ್ಲ ಗುಂಪುಗಳಿಗೂ ಹಾಕಿದೆವು. ಪ್ರದರ್ಶನಕ್ಕೆ ಬಂದವರು ಸುಮ್ಮನೆ ನೋಡಿ ಹೋಗದೆ ಏನಾದರೂ ಮಾಡಬೇಕು ಎಂದು ಮೇಡಮ್ಮೇ ಎಂಟು ತಾಸು ಪಾಠ ಮಾಡಿದ್ದರಲ್ಲ!

ಮೇಡಂ ಮುದ್ರಣಕ್ಕೆ ಕೊಟ್ಟ ಕರಪತ್ರ ತರಲು ಹುಬ್ಬಳ್ಳಿಗೆ ಹೋಗಿದ್ದರು. ನಾಲ್ಕಕ್ಕೆ ಬಂದರು. ಬಾಗಿಲಲ್ಲೇ ನಿಂತರು. ಕರಪತ್ರದ ಗಂಟು ಕೆಳಗಿಡಲಿಲ್ಲ.

“ಮೊದಲ ಯಾರ ಹಚ್ಚಿದ್ರು?”

“ನಾನ ರೀ,” ಎಂದಳು ಹೊಳೆವ್ವ. ಹೆದರಿರಲಿಲ್ಲ, ಸಂತೋಷದಲ್ಲಿದ್ದಳು. “ಎಷ್ಟ ಛಂದ ಕುಂಡ್ರಿಸೇರ್ರಿ ಅಕ್ಕಾರ! ಮೂಡ ಮಕಾ ಮಾಡೇರಿ, ಗ್ವಾದಲಿ ಐತಿ, ಗ್ವಾದಲ್ಯಾಗ ಜ್ವಾಳ ಐತಿ, ಅಮಾಸಿ ಐತಿ. ಎಲ್ಲಾ ನೀವ ಮಾಡೇರಿ. ದೀಪ ಒಂದ ಉಳದಿತ್ತು, ಅದನ್ನ ನಾ ಹಚ್ಚೀನಿ.”

ಮೇಡಂ ತಲೆಯಾಡಿಸಿದರು. ಹೋಳಿಗೆ ಕೊಟ್ಟರೆ ತೆಗೆದುಕೊಂಡರು. ಆಮೇಲೆ ಕರಪತ್ರದ ಗಂಟನ್ನು ಬಿಚ್ಚದೆಯೇ ಕಿಟಕಿಯ ಹತ್ತಿರ ಇಟ್ಟರು.

ನಮಗೆ ಅರ್ಥವಾದದ್ದು ಗುರುವಾರ ಬೆಳಿಗ್ಗೆ. ಎತ್ತು ಮಾಡುವುದನ್ನು ಜನರಿಗೆ ತೋರಿಸಲು ಮಾಳವ್ವ ಬಂದಿದ್ದಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟವಳು, ಕುಂಕುಮ ನೋಡಿ ಕೈ ಮುಗಿದಳು.

“ಯವ್ವಾ, ಪೂಜಿ ಆಗೇತಿ.”

“ಹೌದಬೇ, ಆತು,” ಎಂದರು ಮೇಡಂ.

“ಮತ್ತ ಇವತ್ತ ಹೊತ್ತ ಮುಣಗೂದ್ರಾಗ ಕಳಿಸಬೇಕಲ್ರಿ. ಪೂಜಿ ಆದ ಎತ್ತ ಮನ್ಯಾಗ ಇಟಗೋಳಾಂಗಿಲ್ಲ. ಕೆರಿಗೆ ಇಲ್ಲಾ ಮಳಿಗೆ, ಮಣ್ಣ ಮಣ್ಣಿಗೆ ಹೋಗಬೇಕು.”

ಪೂಜೆ ಆಗುವವರೆಗೆ ಅದು ಬರೀ ಮಣ್ಣು, ಎಷ್ಟು ವರ್ಷ ಬೇಕಾದರೂ ಇಟ್ಟುಕೊಳ್ಳಬಹುದು. ಪೂಜೆ ಆಯಿತೋ, ಒಂದು ದಿನದ ಅತಿಥಿ. ಇದು ನಮ್ಮ ಏಳು ಜನರ ಮನೆಗಳಲ್ಲಿ ಆರರಲ್ಲಿ ಗೊತ್ತಿದ್ದ ಸಂಗತಿ. ಪ್ರತಿ ವರ್ಷ ನಾವೇ ಎತ್ತು ಒಯ್ದು ನೀರಿಗೆ ಬಿಟ್ಟವರು. ಪ್ರದರ್ಶನ ಎಂದ ಕೂಡಲೇ ಯಾರಿಗೂ ನೆನಪಾಗಿರಲಿಲ್ಲ.

ಸಾನ್ವಿ ಕೇಳಿದಳು: “ಆಯಿ, ಮತ್ತ ಹನ್ನೊಂದ ಜೋಡಿ ಮಾಡಾಕ ಬರೂದಿಲ್ಲೇನು?”

“ಎಲ್ಲಿ ಮಾಡ್ಲೇ ನನ್ನ ಮಗಳ? ಕೆರಿ ತುಂಬೇತಿ, ತೋರಸಾಕ ಒಂದ ಸಣ್ಣ ಎತ್ತಿಗಾಗೂವಷ್ಟ ಮಣ್ಣ ಉಳದೈತಿ. ಮಣ್ಣ ಸಿಗೂದು ಬರೂ ಬ್ಯಾಸಿಗ್ಯಾಗ.”

“ಕಳಿಸಲಿಲ್ಲಂದ್ರ ಏನ ಆಕ್ಕೈತಿ?”

ಮಾಳವ್ವ ಸ್ವಲ್ಪ ಯೋಚಿಸಿದಳು. “ಏನ ಆಕ್ಕೈತಿ ಅಂತ ನನಗ ಗೊತ್ತಿಲ್ಲ. ಯಾರೂ ಇಟ್ಟಿದ್ದ ನೋಡಿಲ್ಲ.” ಮೇಡಂ ಕಡೆ ತಿರುಗಿದಳು. “ನಾ ನಿಮಗ ಕೊಟ್ಟೇನ್ರಿ. ಮಾತ ಕೊಟ್ಟಂಗ ಕೊಟ್ಟೇನಿ. ಇನ್ನ ನೀವ ನೋಡ್ರಿ.”

ಗುರುಶಿದ್ದಪ್ಪ ಸರ್‌ಗೆ ಸುದ್ದಿ ಮುಟ್ಟಿ ಅವರು ಲಗುಬಗೆಯಿಂದ ಬಂದರು. ಬಾಗಿ ಒಂದು ಎತ್ತಿನ ಹಣೆಯನ್ನು ಹತ್ತಿರದಿಂದ ನೋಡಿದರು.

“ಇದಕ್ಕ ಇಷ್ಟ್ಯಾಕ ತಲಿ ಕೆಡಸ್ಕೋತೀರಿ? ಒಂದ ಹಸಿ ಅರಬಿ ತಗೊಂಡ ಒರಸಿ ಬಿಡ್ರಿ. ನಾಳಿ ಹನ್ನೊಂದಕ್ಕ ಸಮಿತಿ ಬರತೈತಿ. ಒಂದರಿಂದ ಹನ್ನೊಂದ ನಂಬರ ಹಚ್ಚರಿ, ಕಾಲಂ ತುಂಬರಿ, ಮುಗೀತು. ಆಮ್ಯಾಲ ಮುಂದಿನ ವರ್ಷ ಬೇಕಾದ್ರ ಕಳಸ್ರಿ, ಯಾರ ಬ್ಯಾಡ ಅಂತಾರ?”

“ಸರ್, ಮಧ್ಯಾಹ್ನ ಹೇಳ್ತೀನ್ರಿ,” ಎಂದರು ಮೇಡಂ.

ಎರಡು ಗಂಟೆಗೆ ನಮ್ಮನ್ನು ನೆಲದ ಮೇಲೆ ಕೂರಿಸಿದರು. ಮಾಳವ್ವ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಹೊಳೆವ್ವ ಬಾಗಿಲಲ್ಲಿ ನಿಂತಿದ್ದಳು. ಬೆಳಗಿನಿಂದ ಅವಳ ಮುಖ ಸಣ್ಣದಾಗಿತ್ತು. ತನ್ನಿಂದ ಏನೋ ಕೆಟ್ಟಿದೆ ಎಂದು ಅವಳಿಗೆ ಯಾರೋ ಹೇಳಿದ್ದರು.

“ಹೇಳ್ರಿ. ಇದೂ ಕ್ಲಾಸ ನ,” ಎಂದರು ಮೇಡಂ.

ಸಾನ್ವಿ ಮೊದಲು ಶುರುಮಾಡಿದಳು. “ಇಟಗೋಬೇಕ್ರಿ ಮೇಡಂ. ಇವು ಹೋದ್ವು ಅಂದ್ರ ಆಯಿ ಅತ್ತಿ ಎತ್ತ ಹ್ಯಾಂಗಿದ್ವು ಅಂತ ಯಾರಿಗೂ ಗೊತ್ತಾಗೂದಿಲ್ಲ. ಅಚ್ಚಿನ ಎತ್ತಷ್ಟ ಉಳೀತಾವ, ಯಾಕಂದ್ರ ಅವು ಕರಗೂದಿಲ್ಲ. ಮತ್ತ ಕೋರ್ಸ್ ಹೋದ್ರ ಮುಂದಿನ ವರ್ಷದ ಹುಡುಗ್ರಿಗೆ ಇದನ್ನ ಕಲಿಸಾವ್ರು ಯಾರು? ಒಂದ ಕುಂಕಮದ ಬೊಟ್ಟಿಗೆ ಇಷ್ಟೆಲ್ಲಾ ಬಿಡೂದು ನನಗ ಸರಿ ಕಾಣೂದಿಲ್ಲ.”

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮಲ್ಲಿ ನಾಲ್ಕು ಜನ ಅವಳ ಕಡೆಗೆ ಇದ್ದರು. ನಾನೂ.

ಅರಫಾತ ತಲೆ ಕೆರೆದುಕೊಂಡ. “ನಮ್ಮ ಓಣ್ಯಾಗ ಮೊಹರಂಕ್ಕ ಡೋಲಿ ಕಟ್ತಾರ್ರಿ. ಹದಿನೈದ ದಿನ ಕುಂತ ಬಣ್ಣದ ಕಾಗದ ಕತ್ತರಿಸಿ, ಏನ ಕೆಲಸಾ ಅಂತೀರಿ! ಕಡೀ ದಿನ ಒಯ್ದ ನೀರಿಗೆ ಬಿಡ್ತಾರ. ಸಣ್ಣಾವಿದ್ದಾಗ ನಾ ಅತ್ತಿದ್ದೆ, ಒಂದ ಮನ್ಯಾಗ ಇಡೂಣು ಅಂತ. ಅಜ್ಜಾ ನನ್ನ ಬಡ್ಯಾಕ ಬಡಗಿ ತಗೊಂಡ ಬಂದಿದ್ದ.”

“ಅದಕ್ಕ ಈಗ ಏನ ಅಂತಿ?” ಸಾನ್ವಿ ರೇಗಿದಳು. “ಬಿಡೂದೋ, ಇಡೂದೋ?”

“ನಾ ಏನೂ ಅನ್ನೂದಿಲ್ಲವಾ. ಬಡಗಿ ಐತಿ ಅಂತ ಹೇಳಿದೆ ಅಷ್ಟ.”

ಎಲ್ಲರೂ ನಕ್ಕರು. ಮಾಳವ್ವ ಎಲ್ಲರಿಗಿಂತ ಜೋರಾಗಿ. ನಗು ನಿಂತ ಮೇಲೆ ಮೇಡಂ ಹೇಳಿದರು:

“ಒರಸಿದ್ರ ಕುಂಕಮಾ ಹೋಕ್ಕೈತಿ. ಸಮಿತಿಯವ್ರಿಗೆ ಗೊತ್ತೂ ಆಗೂದಿಲ್ಲ. ಆದ್ರ ನಾಳಿಂದ ದಿನಾ ಈ ಕೋಣಿ ಕಸಾ ಹೊಡ್ಯಾಕಿ ಹೊಳೆವ್ವ. ಆಕಿ ಪೂಜಿ ಮಾಡಿ ಎಡಿ ಹಿಡದಾಳ. ನಾವು ಅವನ್ನ ಕಪಾಟಿನ್ಯಾಗ ಹಾಕಿ ಕೀಲಿ ಹಾಕಿದ್ರ ಆಕಿ ದಿನಾ ಅದರ ಮುಂದ ಹ್ಯಾಂಗ ನಿಲ್ಲಬೇಕು? ಅದು ನನಗ ಬಗೀಹರೀವಲ್ದು.”

“ಅಂದ್ರ ಕೋರ್ಸ್?” ಎಂದಳು ಸಾನ್ವಿ.

“ಕೋರ್ಸ್ ಹೋಗಬಹುದು.”

“ಅಕ್ಕಾರ, ನನ್ನ ಸಲುವಾಗಿ ಬ್ಯಾಡ್ರಿ,” ಎಂದಳು ಹೊಳೆವ್ವ ಬಾಗಿಲಿನಿಂದ. “ನಾ ಬ್ಯಾರೆ ಕೋಣಿ ಕಸಾ ಹೊಡೀತೇನಿ.”

“ನಿನ್ನ ಸಲುವಾಗಿ ಅಲ್ಲ ಬಿಡ,” ಎಂದರು ಮೇಡಂ. ಅವರು ಹೇಳಿದ್ದರಲ್ಲಿ ಅದೊಂದೇ ಸುಳ್ಳು ಎಂದು ನನ್ನ ಅಂದಾಜು.

ಕೆರೆಯೇ ಆಗಬೇಕಿಲ್ಲ, ಮಳೆ ಬೀಳುವ, ಯಾರೂ ತುಳಿಯದ ಜಾಗ ಸಾಕು ಎಂದು ಮಾಳವ್ವ ಹೇಳಿದ್ದಳು. ವಿಭಾಗದ ನಡುವೆ ಒಂದು ಅಂಗಳ ಇದೆ, ಒಂದು ಮೂಲೆಯಲ್ಲಿ ಬೇವಿನ ಗಿಡ, ಅದರಾಚೆ ಖಾಲಿ ಮಣ್ಣು. ಐದು ಗಂಟೆಗೆ ಒಬ್ಬೊಬ್ಬರು ಒಂದು ಸಲಕ್ಕೆ ಒಂದೊಂದೇ ಎತ್ತು ಎತ್ತಿಕೊಂಡು ಸಾಲಾಗಿ ಹೋದೆವು. ಎತ್ತುವ ಕ್ರಮ ಮೇಡಂ ಕಲಿಸಿದ್ದೇ: ಒಂದು ಕೈ ಹೊಟ್ಟೆಯ ಕೆಳಗೆ, ಒಂದು ಕೈ ಬೆನ್ನಿನ ಹಿಂದೆ, ಕೋಡು ಹಿಡಿಯಬಾರದು. ಅರಫಾತ ಆರು ಸಲ ಓಡಾಡಿದ. ಸಾನ್ವಿ ಬಂದಳು, ಆದರೆ ಖಾಲಿ ಕೈಯಲ್ಲಿ. ಹೊಳೆವ್ವ ನೀರು ಚಿಮುಕಿಸಿ ಜಾಗ ಮಾಡಿದಳು. ಗ್ವಾದಲಿಗಳೂ ಹೋದವು, ಜೋಳ ಸಮೇತ. ಮಾಳವ್ವ ಒಂದೊಂದನ್ನೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆರರ ಬಸ್ಸು ತಪ್ಪೀತು ಎಂದು ಹೊರಟಳು. ಅವಳು ಅಳಲಿಲ್ಲ, ಬೇಸರವನ್ನೂ ಪಡಲಿಲ್ಲ. ಹೋಗುವಾಗ ಕ್ಯಾಂಟೀನಿನ ಚಹಾದಲ್ಲಿ ಸಕ್ಕರೆ ಸಾಲದು ಎಂದಳು.

ಆವತ್ತು ಸಂಜೆಯಿಂದ ಜಿಟಿಜಿಟಿ ಶುರುವಾಯಿತು. ಧಾರವಾಡದ ಮಳೆ ನಿಮಗೆ ಗೊತ್ತಲ್ಲ, ರಭಸ ಇಲ್ಲ, ನಿಲ್ಲುವುದೂ ಇಲ್ಲ.

ಶುಕ್ರವಾರ ಹನ್ನೊಂದೂಕಾಲಿಗೆ ಸಮಿತಿಯ ಮೂವರು ಕೊಡೆ ಮಡಚುತ್ತ ಬಂದರು. ಕೋಣೆಯಲ್ಲಿ ಹನ್ನೊಂದು ಖಾಲಿ ಹಲಗೆ, ಹನ್ನೊಂದು ಚೀಟಿ, ಹಳದಿ ಬೆಳಕು. ಗೋಡೆಯ ಮೇಲೆ ಮಾಳವ್ವನ ಕೈಗಳ ಫೋಟೋಗಳು. ಮೇಡಂ ನಡೆದದ್ದನ್ನು ಮೊದಲಿನಿಂದ ಹೇಳಿ, ಅವರನ್ನು ಅಂಗಳಕ್ಕೆ ಕರೆದೊಯ್ದರು. ಕೋಡುಗಳು ಹೋಗಿದ್ದವು. ಇಣಿಗಳು ಇನ್ನೂ ಇದ್ದವು. ಒಂದೆರಡರ ಕಣ್ಣಿನ ಕಾಳು ಕೆಳಗೆ ಜಾರಿತ್ತು. ಸಮಿತಿಯ ಒಬ್ಬರು ಫೋಟೋ ತೆಗೆದುಕೊಂಡರು. ಅಧ್ಯಕ್ಷರು ಬಿಳಿಗೂದಲಿನ ಸಮಾಧಾನದ ಮನುಷ್ಯ, ಸ್ವಲ್ಪ ಹೊತ್ತು ಮಳೆಯಲ್ಲೇ ನಿಂತರು.

“ನೀವು ಮಾಡಿದ್ದು ತಪ್ಪಂತ ನಾ ಹೇಳೂದಿಲ್ರಿ,” ಎಂದರು. “ನಮ್ಮ ಮನ್ಯಾಗೂ ನಿನ್ನೆ ಬಿಟ್ಟೇವಿ. ಆದ್ರ ಈ ಕಾಲಂದಾಗ ನಾ ಏನ ಬರೀಲಿ, ನೀವ ಹೇಳ್ರಿ.”

“‘ಇಲ್ಲ’ ಅಂತ ಬರೀರಿ ಸರ್.”

“ಹಂಗ ಬರದ್ರ ಮುಂದಿಂದು ನನ್ನ ಕೈಯಾಗ ಉಳ್ಯಾಂಗಿಲ್ಲ.”

“ಗೊತ್ತೈತ್ರಿ.”

ಅಧ್ಯಕ್ಷರು ಬರೆದರು. ಪೆನ್ನಿನ ಮೇಲೆ ಹನಿ ಬಿದ್ದು ಅಕ್ಷರ ಹರಡಿತು, ಇನ್ನೊಮ್ಮೆ ಬರೆದರು. ಆಮೇಲೆ ಎಲ್ಲರೂ ಉಪ್ಪಿಟ್ಟು ತಿಂದರು. ಹೋಗುವಾಗ ಅಧ್ಯಕ್ಷರು ಮುಚ್ಚುಮರೆ ಇಲ್ಲದೆ ಹೇಳಿಯೇ ಹೋದರು: ಪಾಠ ಚೆನ್ನಾಗಿದೆ ಎಂದು ಬರೆಯುತ್ತೇನೆ, ಮುಂದುವರಿಸಿ ಎಂದು ಬರೆಯಲು ಬರುವುದಿಲ್ಲ. ಮುಂದಿನ ವರ್ಷ ಮೇಡಂಗೆ ಉಳಿಯುವುದು ಕಲಾ ಇತಿಹಾಸದ ಎರಡು ಪತ್ರಿಕೆ ಮಾತ್ರ.

ಶನಿವಾರ ಕೊನೆಯ ಕ್ಲಾಸು. ಕೋರ್ಸು ಹೋಯಿತಲ್ಲ, ಯಾರು ಬರುತ್ತಾರೆ ಎಂದುಕೊಂಡರೆ ಮೇಡಂ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಚೀಲ ಹಿಡಿದು ಬಂದಿದ್ದರು. ಪ್ರದರ್ಶನ ಇಳಿಸುವುದೂ ಪಾಠದಲ್ಲಿತ್ತು, ಕೊನೆಯ ವಾರ. ಹಲಗೆ ತೆಗೆದೆವು, ವಿದ್ಯುತ್ ತಂತಿ ಸುತ್ತಿದೆವು, ಮೊಳೆ ಕಿತ್ತ ತೂತುಗಳಿಗೆ ಪುಟ್ಟಿ ತುಂಬಿದೆವು. ಒಂದೊಂದು ತೂತಿನ ಮೇಲೂ ಮೇಡಂ ಬೆರಳು ಆಡಿಸಿ ನೋಡಿದರು. ಒಂದು ಕಡೆ ಉಬ್ಬಿತ್ತು. ಅರಫಾತನಿಂದ ಮತ್ತೆ ಉಜ್ಜಿಸಿದರು.

ಸಾನ್ವಿ ಬೆಳಗಿನಿಂದ ಒಂದೇ ತೂತನ್ನು ಉಜ್ಜುತ್ತಿದ್ದಳು. ಕೊನೆಗೆ ಕೈಯಲ್ಲಿದ್ದ ಉಜ್ಜುವ ಕಾಗದ ಕೆಳಗಿಟ್ಟಳು.

“ಮೇಡಂ, ಸಿಟ್ಟಿಗೇಳಬ್ಯಾಡ್ರಿ. ಕೋರ್ಸ್ ಹೋಗಿದ್ದು ನಿಮ್ಮ ತಪ್ಪ.”

“ಹೌದು, ನನ್ನ ತಪ್ಪ,” ಎಂದರು ಮೇಡಂ. ಬೆರಳಿನ ಪುಟ್ಟಿ ಒರೆಸಿಕೊಂಡರು. “ಆದ್ರ ಯಾವ ತಪ್ಪು? ಅದನ್ನ ಸರಿಯಾಗಿ ಹೇಳ. ಒರಸಲಿಲ್ಲ ಅನ್ನೂದೇನು?”

ಮೇಡಂ ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಹಂಚಿದರು. ಪ್ರದರ್ಶನದಲ್ಲಿ ಏನು ತಪ್ಪಾಯಿತು, ಎಲ್ಲಿ, ಯಾವಾಗ, ಯಾರಿಂದ ಎಂದು ಬರೆಯಬೇಕು. ಸಹಿ ಹಾಕಬೇಕು. ಇದು ಕಡತಕ್ಕೆ ಹೋಗುತ್ತದೆ, ಅಂಕ ಇದಕ್ಕೇ. ಅರ್ಧ ತಾಸು ಕೊಟ್ಟರು. ತಾವೂ ಒಂದು ಹಾಳೆ ತೆಗೆದುಕೊಂಡು ಕಿಟಕಿಯ ಹತ್ತಿರ ಕುಳಿತರು.

ನಾವು ಪುಟ ತುಂಬಿಸಿದೆವು. ಯಾರೋ ಹೊಳೆವ್ವನಿಗೆ ಮುಂಚೆ ಹೇಳಬೇಕಿತ್ತು ಎಂದರು, ಯಾರೋ ಕಾವಲು ಇರಬೇಕಿತ್ತು ಎಂದರು, ನಾನು ಊಟಕ್ಕೆ ಎಲ್ಲರೂ ಒಟ್ಟಿಗೆ ಹೋಗಬಾರದಿತ್ತು ಎಂದು ಬರೆದೆ. ಸಾನ್ವಿ ಎರಡೂ ಮಗ್ಗುಲು ಬರೆದಳು. ಸಮಿತಿಯ ಕಾಲಂ ಬಗ್ಗೆ, ಕುಂಕುಮ ಒರೆಸಬೇಕಿತ್ತು ಎಂಬುದರ ಬಗ್ಗೆ, ಇನ್ನೂ ಏನೇನೋ. ಎಲ್ಲವನ್ನೂ ಓದಿದ ಮೇಡಂ ಅವಳಿಗೇ ಎಲ್ಲರಿಗಿಂತ ಹೆಚ್ಚು ಅಂಕ ಹಾಕಿದರು. ಅವಳಿಗೆ ಅದು ಇನ್ನಷ್ಟು ಸಿಟ್ಟು ತರಿಸಿತು.

ಎಂಟು ಹಾಳೆಗಳನ್ನು ದಾರದಲ್ಲಿ ಪೋಣಿಸಿ ಗುರುಶಿದ್ದಪ್ಪ ಸರ್ ಕೋಣೆಗೆ ಒಯ್ದವನು ನಾನು. ಅವರು ಕನ್ನಡಕ ಏರಿಸಿ ಮೇಲಿನ ಹಾಳೆ ನೋಡಿದರು. ಅದು ಮೇಡಂ ಬರೆದದ್ದು, ಎಲ್ಲಕ್ಕಿಂತ ಚಿಕ್ಕದು.

‘ಮಂಗಳವಾರ ಸಂಜೆ ಆರೂಹತ್ತು. ಗ್ವಾದಲಿಯಲ್ಲಿ ಜೋಳ ಹಾಕಿದೆ. ನೋಡಲು ಚೆನ್ನಾಗಿರುತ್ತದೆ ಎಂದು ಹಾಕಿದೆ. ಹಾಕಬಾರದಿತ್ತು. ಹಾಕಿದ ಮೇಲೆ ಬಂದವರು ಮಾಡಿದ್ದೆಲ್ಲ ಸರಿ. ದಾಕ್ಷಾಯಿಣಿ.’

“ಇದನ್ನ ಯಾರ ಓದ್ತಾರಪಾ?” ಎಂದರು ಸರ್.

“ಮುಂದ ಯಾರರೆ ಪ್ರದರ್ಶನ ಮಾಡಿದ್ರ ಓದ್ತಾರಂತ ಹೇಳ್ಯಾರ್ರಿ.”

ಅವರು ಇನ್ನೊಮ್ಮೆ ಓದಿದರು. ಕಪಾಟು ತೆಗೆದು, ಕೋರ್ಸಿನ ಕಡತದಲ್ಲಿ ಸಮಿತಿಯ ಫಾರ್ಮಿನ ಮೇಲೆ ಅದನ್ನು ಇಟ್ಟು, ದಾರ ಬಿಗಿದರು. ನಾನು ವಾಪಸು ಬಂದಾಗ ಮೇಡಂ ಉಣಕಲ್ಲಿಗೆ ಹೊರಟುಹೋಗಿದ್ದರು. ಹೊಳೆವ್ವ ಪುಟ್ಟಿಯ ಪುಡಿ ಗುಡಿಸುತ್ತಿದ್ದಳು. ಗೋಡೆ ಎಷ್ಟು ನುಣುಪಾಗಿತ್ತೆಂದರೆ ಮೊಳೆ ಎಲ್ಲಿ ಹೊಡೆದಿದ್ದೆವು ಎಂದು ನನಗೇ ಹುಡುಕಲು ಆಗಲಿಲ್ಲ.